ಮಾವನ ಮಂದಿ, ಮಾವನ ಮಂದೆ

ನಾನು ಕನ್ನಡ ಕಲಿತದ್ದು ನಮ್ಮ ಸೋದರಮಾವನ ದನದ ದೊಡ್ಡಿಯಲ್ಲಿ. ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಅದರಿಂದಾದ ಫಜೀತಿಯನ್ನೂ ಹೇಳಬೇಕು. ಬಂದರಿನ ಸರಕು ಸಾಗಾಣಿಕೆ ಕಚೇರಿಯಲ್ಲಿ ಕೆಲಸ ಸಿಕ್ಕಿ ವಿಶಾಖಪಟ್ಟಣಕ್ಕೆ ಬಂದ ಹೊಸದರಲ್ಲಿ, ನಮ್ಮ ಮೇಲಿನ ಮನೆಗೆ ಮೈಸೂರು ಕಡೆಯ ಬ್ಯಾಂಕ್ ಅಧಿಕಾರಿಯೊಬ್ಬರು ವರ್ಗವಾಗಿ ಬಂದರು. ಕನ್ನಡದವರು ಸಿಕ್ಕರಲ್ಲ ಎಂದು ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವರ ಮಗ ದುಂಡದುಂಡಗೆ ಇದ್ದ. ಗಲ್ಲ ಹಿಂಡಿ, "ಚಲೋ ಮೇದಾನ ನೋಡ್ರಿ ನಿಮ್ಮ ಹುಡುಗ, ಮೈ ಹೆಂಗ ಮಿಂಚಾಕತ್ತೈತಿ!" ಅಂದೆ.

ಹುಡುಗನ ತಾಯಿ ನನ್ನ ಮುಖವನ್ನೇ ನೋಡಿದರು. "ಅಲ್ಲ ಕಣ್ರೀ, ನಮ್ಮ ಮಗು ಏನು ದನವಾ, ಮೇಯೋಕೆ?"

ಮಕ್ಕಳು ಮೇಯುವುದಿಲ್ಲ, ಉಣ್ಣುತ್ತವೆ ಎಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಮಾವ ನನ್ನನ್ನು ಊಟಕ್ಕೆ ಕರೆಯುತ್ತಿದ್ದದ್ದೇ "ಬಾರವ್ವಾ, ಮೇಯಿ ಬಾ" ಎಂದು. ಆಕಳಿಗೂ ಅದೇ ಮಾತು, ಸೋದರಸೊಸೆಗೂ ಅದೇ ಮಾತು.

ನನ್ನ ಅಪ್ಪ ತೆಲುಗಿನವರು. ವಿಜಯವಾಡದ ನಮ್ಮ ಮನೆಯಲ್ಲಿ ತೆಲುಗೇ ನಡೆಯುತ್ತಿತ್ತು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರಿಂದ, ಶಾಲೆ ಸೇರುವ ತನಕ ನಾನು ಬೆಳೆದದ್ದು ಗನ್ನವರಂ ದಾಟಿ ಒಳಕ್ಕೆ ಹೋದರೆ ಕಾಲುವೆ ದಂಡೆಯಲ್ಲಿ ಸಿಗುವ ಮಾವನ ದೊಡ್ಡಿಯಲ್ಲಿ, ಅಜ್ಜ ಅಜ್ಜಿಯ ಕೈಯಲ್ಲಿ. ಅಜ್ಜನ ಊರು ಮಾನ್ವಿ ಕಡೆ. ಅಲ್ಲಿಗೆ ಕಾಲುವೆ ನೀರು ಬಂದ ಕಾಲಕ್ಕೆ ಕೃಷ್ಣಾ ಸೀಮೆಯ ರೈತರು ಹೋಗಿ ಹೊಲ ಹಿಡಿದು ಕ್ಯಾಂಪು ಕಟ್ಟಿಕೊಂಡರಲ್ಲ, ಅಂಥ ರೈತನೊಬ್ಬ, ನಮ್ಮಜ್ಜ ದನ ಸಂಭಾಳಿಸುವ ರೀತಿ ನೋಡಿ, ತನ್ನ ಮೂಲ ಊರಿನ ಒಂಗೋಲು ದನ ನೋಡಿಕೊಳ್ಳಲು ಕರೆತಂದ. ಅಜ್ಜ ಬರುವಾಗ ತನ್ನದೂ ಒಂದು ಆಕಳನ್ನು ಲಾರಿಗೆ ಹತ್ತಿಸಿಕೊಂಡು ಬಂದ. "ಊರ ಮಂದಿಯೆಲ್ಲ ಆ ಕಡಿಂದ ಈ ಕಡೆ ಬಂದ್ರ, ಇವ ಒಬ್ಬ ಈ ಕಡಿಂದ ಆ ಕಡೆ ಹೊಂಟ" ಎಂದು ಅಜ್ಜಿ ಕೊನೆಯವರೆಗೂ ಆಡಿಕೊಳ್ಳುತ್ತಿದ್ದಳು.

ಆ ಒಂದು ಆಕಳಿನಿಂದ ಶುರುವಾಗಿ, ಕೊಂಡದ್ದೂ ಸೇರಿ ಬೆಳೆದ ಮಂದೆ ಮಾವನ ಕಾಲಕ್ಕೆ ಆ ಸುತ್ತಿಗೆಲ್ಲ ಹೆಸರಾಗಿತ್ತು. ಬಿಳಿ ಬಿಳಿ ಒಂಗೋಲು ಆಕಳುಗಳು, ಹೋರಿಗಳು, ಕಾಲುವೆಯಲ್ಲಿ ಮೂಗು ಮಾತ್ರ ಮೇಲಿಟ್ಟು ಮಲಗುವ ಎಮ್ಮೆಗಳು. ದೊಡ್ಡಿಯ ಗೇಟೇ ಗಡಿ. ಗೇಟಿನ ಆಚೆ ಮಾವ ಅಪ್ಪಟ ಕೃಷ್ಣಾ ಜಿಲ್ಲೆಯ ತೆಲುಗಿನವ. ಅಂಡೀ ಗಿಂಡೀ ಎಲ್ಲ ಸರಾಗ. ಗೇಟು ದಾಟಿ ಒಳಗೆ ಬಂದರೆ ಮಾನ್ವಿಯ ಕನ್ನಡ. ದನಗಳಿಗೆ ಬೇರೆ ಭಾಷೆ ಬರುವುದಿಲ್ಲ ಎಂದೇ ಅವನ ನಂಬಿಕೆ. ಸಂಜೆ ಕಾಲುವೆಯ ಏರಿಯ ಮೇಲೆ ನಿಂತು, "ಬಾರವ್ವಾ ಬಾ... ನಮ್ಮವ್ವಾ ಬಾ..." ಎಂದು ರಾಗ ಎಳೆದರೆ ಆಚೆ ದಂಡೆಯ ಹುಲ್ಲಿನಲ್ಲಿದ್ದ ದನವೂ ಕತ್ತು ಎತ್ತುತ್ತಿತ್ತು. ಮುಂದಿನದು ಹೊರಡುತ್ತಿತ್ತು, ಹಿಂದಿನವು ಅದರ ಬಾಲ ಹಿಡಿದಂತೆ ಬರುತ್ತಿದ್ದವು. ಕೋಲು ಹಿಡಿದ ಮಾವನನ್ನು ನಾನು ಕಂಡೇ ಇಲ್ಲ.

ಅತ್ತೆ ನೂಜಿವೀಡು ಕಡೆಯ ತೆಲುಗು ಹುಡುಗಿ. ಮದುವೆಯಾಗಿ ಬಂದಾಗ ಒಂದಕ್ಷರ ಕನ್ನಡ ಬರುತ್ತಿರಲಿಲ್ಲ. ಅಜ್ಜಿ ಕಲಿಸಿದಳು. ಆದರೂ ಅತ್ತೆಯ ಕನ್ನಡದಲ್ಲಿ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ತೆಲುಗು ಸಿಗುತ್ತಿತ್ತು. "ನಾನು ವದ್ದು ಅಂದ್ನಿ ಕದಾ, ಮತ್ತ ಯಾಕ ಮಾಡಿದಿ?" ಎಂದು, ಬೇಡ ಅಂದಿದ್ದೆನಲ್ಲ ಎಂದು, ಅವಳು ಗದರಿದರೆ ಮಾವ, "ನೋಡವ್ವಾ ನಿಮ್ಮತ್ತಿ, ಎರಡೂ ಭಾಷಾದಾಗ ಬೈತಾಳ, ತಪ್ಪಿಸಿಕೊಳ್ಳಾಕ ಹಾದಿನ ಇಲ್ಲ" ಅನ್ನುತ್ತಿದ್ದ.

ಮಾವ ಶಾಸಕನಾಗುತ್ತಾನೆ ಎಂದು ನಾವ್ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಬರುವುದಿಲ್ಲ ಎಂದು ಜಗಳಕ್ಕೆ ಹೋದವನನ್ನು ಊರವರು ಸರಪಂಚನನ್ನಾಗಿ ಮಾಡಿದರು. ಪಶುವೈದ್ಯರಿಲ್ಲ ಎಂದು ತಾಲೂಕು ಕಚೇರಿಯ ಮುಂದೆ ಎಮ್ಮೆ ಕಟ್ಟಿ ಕೂತಾಗ ಪತ್ರಿಕೆಯಲ್ಲಿ ಫೋಟೋ ಬಂತು, ಎಮ್ಮೆಯದು ದೊಡ್ಡದಾಗಿ, ಮಾವನದು ಅದರ ಹಿಂದೆ. ಅದಾದ ಮೇಲೆ ಒಂದು ದಿನ ಪಕ್ಷದವರು ಕೈ ಶುದ್ಧವಿರುವ ಅಭ್ಯರ್ಥಿ ಬೇಕು ಎಂದು ಹುಡುಕಿಕೊಂಡು ಬಂದರು. ಅವರು ಬಂದಾಗ ಕರು ಅಡ್ಡ ಸಿಕ್ಕಿಕೊಂಡ ಎಮ್ಮೆಯ ಹಿಂದೆ ಮಾವ ಕೂತಿದ್ದ, ಎರಡೂ ಕೈ ಮೊಣಕೈವರೆಗೆ ರಕ್ತ, ಸಗಣಿ.

ಅತ್ತೆ ಒಪ್ಪಲಿಲ್ಲ. ಮೂರು ಹೊತ್ತು ಹೇಳಿದಳು. ಕೊನೆಗೆ ಒಂದು ಷರತ್ತು ಹಾಕಿದಳು: ಒಂದೇ ಸಲ. ಮಾವ ಮಂದೆಯ ಮುಂದೆ ನಡೆಯುವ ಆಕಳಿನ ಡುಬ್ಬದ ಮೇಲೆ ಕೈಯಿಟ್ಟು, "ಒಂದ ಸಲ. ಆಮ್ಯಾಲ ನಾನಾತು, ಇವಾತು" ಎಂದ. ಅಲ್ಲಿಯವರೆಗೆ ಮಂದೆಯನ್ನು ಅತ್ತೆ ಕಾಯಬೇಕು, ಆಮೇಲೆ ಮಾವ ಬಂದು ಅದನ್ನು ತಿರುಗಿ ಕೈಗೆ ತೆಗೆದುಕೊಳ್ಳಬೇಕು. ಇಷ್ಟೇ ಕರಾರು. ರಜೆಗೆ ಬಂದಿದ್ದ ನಾನು ಅಲ್ಲೇ ಇದ್ದೆ. ಕಿವಿ ಮಂದವಾಗಿದ್ದ ಅಜ್ಜಿ, "ಏನಾಗ್ತಾನಂತ ಇವ?" ಎಂದು ಕೇಳಿದಳು. "ಎಮ್ಮೆಲ್ಲೆ ಆಗ್ತಾನಂತ" ಎಂದು ನಾನು ಕೂಗಿದೆ. ಅಜ್ಜಿ ಗಾಬರಿಯಾಗಿ ಕೊಟ್ಟಿಗೆ ಕಡೆ ನೋಡಿ, "ಎಮ್ಮಿ ಎಲ್ಲಿ ಹೋದ್ವು?" ಅಂದಳು.

ಪ್ರಚಾರದಲ್ಲಿ ಮಾವನ ನಾಲಿಗೆ ಒಮ್ಮೆ ಜಾರಿತು. ನಮ್ಮಂಥವರಿಗೆ ಮಾತ್ರ ಆಗುವ ತಪ್ಪು ಅದು. ನಮ್ಮ ಕಡೆ ಜನರಿಗೆ ಮಂದಿ ಅನ್ನುತ್ತೇವೆ. ತೆಲುಗಿನಲ್ಲಿ ಆ ಮಾತು ಲೆಕ್ಕದ ಜೊತೆಗೆ ಬರುತ್ತದೆ, ಪದಿ ಮಂದಿ, ಅಂದರೆ ಹತ್ತು ಜನ. ಬರಿಯ "ಮಂದ" ಅಂದರೆ ಅಲ್ಲಿ ದನಕುರಿಗಳ ಮಂದೆ. ಮಾವ ವೇದಿಕೆಯ ಮೇಲೆ ಉಮೇದಿನಲ್ಲಿ, "ನಾ ಮಂದಿನಿ ಒದಿಲಿ ಪೋನು" ಎಂದ. ನನ್ನ ಜನರನ್ನು ಬಿಟ್ಟು ಹೋಗುವುದಿಲ್ಲ ಎಂದು ಅವನ ಮನಸ್ಸಿನಲ್ಲಿ. ಕರಕರ ಅನ್ನುವ ಆ ಮೈಕಿನಲ್ಲಿ ಜನರಿಗೆ ಕೇಳಿಸಿದ್ದು, "ನನ್ನ ಮಂದೆಯನ್ನು ಬಿಟ್ಟು ಹೋಗುವುದಿಲ್ಲ." ಮಾರನೆಯ ದಿನ ಎದುರು ಪಕ್ಷದವರು ಊರೂರಿಗೆ ಆಟೋ ಕಳಿಸಿ, ಮತದಾರರನ್ನು ದನ ಅಂದ ಎಂದು ಸಾರಿಸಿದರು.

ಪಕ್ಷದ ಹಿರಿಯರು ಕ್ಷಮೆ ಕೇಳು ಅಂದರು. ಮಾವ ಮುಂದಿನ ಸಭೆಯಲ್ಲಿ ನಿಂತು, ತೆಲುಗಿನಲ್ಲೇ, ಹೀಗೆ ಅಂದ: "ಹೌದು, ಮಂದೆ ಅಂದೆ. ಅದು ಬೈಗುಳ ಅಂತ ಯಾರು ಹೇಳಿದರು? ನಾನು ಎದ್ದು ಮೊದಲು ನೋಡುವುದು ಅದರ ಮುಖ. ಅದು ಕುಡಿದ ಮೇಲೆ ನಾನು ಕುಡಿಯುತ್ತೇನೆ. ಒಂದು ಕುಂಟಿದರೆ ನನಗೆ ಅನ್ನ ಇಳಿಯುವುದಿಲ್ಲ. ನಿಮ್ಮ ಎಂಎಲ್‌ಎ ಇಲ್ಲಿಯತನಕ ನಿಮ್ಮನ್ನು ಅಷ್ಟು ನೋಡಿಕೊಂಡಿದ್ದರೆ ಅವರಿಗೇ ಓಟು ಹಾಕಿ."

ಚಪ್ಪಾಳೆ ಏಳಲು ಸ್ವಲ್ಪ ಹೊತ್ತು ಹಿಡಿಯಿತು. ಎದ್ದ ಮೇಲೆ ನಿಲ್ಲಲಿಲ್ಲ. ಮಾವ ಗೆದ್ದ.

ವಿಧಾನಸಭೆಯಲ್ಲಿ ಮೊದಲ ಸಲ ಮಾತಾಡಲು ಎದ್ದಾಗ ಅವನು ಕಾಲುವೆಯ ಏರಿಯ ಮೇಲೆ ನಿಂತವನ ಹಾಗೆ ದನಿ ತೆಗೆದನಂತೆ. "ಮೈಕ್ ಉಂದಂಡಿ" ಎಂದರಂತೆ ಮೇಲೆ ಕೂತ ಸಭಾಧ್ಯಕ್ಷರು, ಮೈಕು ಇದೆಯಲ್ಲ ಎಂದು. "ಅಲವಾಟಂಡಿ" ಎಂದನಂತೆ ಮಾವ. ಅಭ್ಯಾಸ ಆಗಿಹೋಗಿದೆ ಎಂದು. ಮೇವಿನ ಬಗ್ಗೆ, ಕಾಲುವೆಯ ತುದಿಗೆ ಬಾರದ ನೀರಿನ ಬಗ್ಗೆ, ಕಾಲುಬಾಯಿ ಬೇನೆಯ ಚುಚ್ಚುಮದ್ದಿನ ಬಗ್ಗೆ ಕೇಳುತ್ತಿದ್ದ. ಮೊದಮೊದಲು ನಗುತ್ತಿದ್ದವರು ಆಮೇಲೆ ತಮ್ಮ ಊರಿನ ಎಮ್ಮೆಗಳ ಕಷ್ಟವನ್ನೂ ಅವನ ಕಿವಿಯಲ್ಲಿ ಹೇಳತೊಡಗಿದರು. ನಮ್ಮ ಸುತ್ತಿಗೆ ಪಶು ಆಸ್ಪತ್ರೆ ಬಂತು, ಅದರೊಳಗೆ ಕೂರುವ ವೈದ್ಯರೂ ಬಂದರು. ಕಾಲುವೆಯ ಹೂಳು ತೆಗೆಸಿದ. ಒಳ್ಳೆಯ ಕೆಲಸ ಮಾಡಿದ, ಅದರಲ್ಲಿ ಎರಡು ಮಾತಿಲ್ಲ. ಜನ ಸನ್ಮಾನ ಮಾಡಿದರು. ದನದ ಮನುಷ್ಯ ಎಂದು ಎಲ್ಲರೂ ಒಂದೇ ಯೋಚನೆ ಮಾಡಿ ಕೊಂಡಪಲ್ಲಿಯ ಮರದ ಎತ್ತುಗಳನ್ನೇ ಕೊಟ್ಟರು. ಮನೆಯ ಗಾಜಿನ ಕಪಾಟು ತುಂಬಿತು, ಟಿವಿಯ ಮೇಲೆ ಬಂದವು, ಅಡುಗೆ ಮನೆಯ ಕಿಟಕಿಗೂ ಬಂದವು. "ಇವು ಬೆಸ್ಟು" ಎಂದಳು ಅತ್ತೆ. "ಸಗಣಿ ಹಾಕಲ್ಲ, ಗಡ್ಡಿ ಕೇಳಲ್ಲ."

ನಗುತ್ತಲೇ ಹೇಳಿದಳು. ಆದರೆ ಆ ಗಡ್ಡಿ, ಆ ಹುಲ್ಲು, ಹೊರುವವಳು ಅವಳೇ.

ನನ್ನ ಕಷ್ಟ ಬೇರೆ. ವಿಶಾಖಪಟ್ಟಣದಿಂದ ಪ್ರತಿ ಭಾನುವಾರ ನಾನು ಮಾವನಿಗೆ ಫೋನು ಮಾಡುತ್ತಿದ್ದೆ. ಅಜ್ಜ ಮೊದಲೇ ಹೋಗಿದ್ದ, ಚುನಾವಣೆಯ ಮರುವರ್ಷ ಅಜ್ಜಿಯೂ ಹೋದಳು. ಅಮ್ಮ ನನ್ನ ಜೊತೆ ತೆಲುಗಿಗೆ ಹೊರಳಿ ಬಹಳ ಕಾಲವಾಗಿತ್ತು. ನನ್ನ ಗಂಡನಿಗೆ, ಮಗಳಿಗೆ ಕನ್ನಡ ಬರುವುದಿಲ್ಲ. ಕನ್ನಡ ಆಡಲು ನನಗೆ ಇದ್ದವನು ಮಾವ ಒಬ್ಬನೇ. ಅವನು ಶಾಸಕನಾದ ಮೇಲೆ ಫೋನು ಎತ್ತುವವರು ಬೇರೆಯಾದರು. "ಸಾರು ಮೀಟಿಂಗ್‌ಲೋ ಉನ್ನಾರಮ್ಮಾ." ಯಾವಾಗಲಾದರೂ ಮಾವನೇ ಎತ್ತಿದರೆ ಸುತ್ತ ಜನ ಇರುತ್ತಿದ್ದರು, ತೆಲುಗಿನಲ್ಲಿ, "ಚೆಪ್ಪಮ್ಮಾ, ಬಾಗುನ್ನಾವಾ" ಅನ್ನುತ್ತಿದ್ದ. ಹೇಳಮ್ಮ, ಚೆನ್ನಾಗಿದ್ದೀಯಾ. ತಪ್ಪೇನಿಲ್ಲ. ಆದರೆ ಅದು ಯಾವ ಶಾಸಕನಾದರೂ ಯಾರಿಗಾದರೂ ಹೇಳಬಹುದಾದ ಮಾತು. ಫೋನು ಇಟ್ಟ ಮೇಲೆ ಬಾಲ್ಕನಿಯಲ್ಲಿ ನಿಂತು, ಬಂದರಿಗೆ ಬರಲು ಸಾಲು ಹಿಡಿದು ಕಾಯುವ ಹಡಗುಗಳನ್ನು ನೋಡುತ್ತಾ, ಬಾಯೊಳಗೇ "ಮೇಯಿ ಬಾ" ಅಂದುಕೊಳ್ಳುತ್ತಿದ್ದೆ. ಆ ಎರಡು ಮಾತನ್ನು ಆಡಿದರೆ ತಿರುಗಿ ನೋಡುವವರು ಇಡೀ ವಿಶಾಖಪಟ್ಟಣದಲ್ಲಿ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ರಜೆ ಹಾಕಿ ದೊಡ್ಡಿಗೆ ಹೋಗಿದ್ದೆ. ಮಾವನೂ ಬರುವವನಿದ್ದ. ತಿಂಗಳುಗಟ್ಟಲೆ ಬಂದಿರಲಿಲ್ಲ. ಬಂದರೂ ಕತ್ತಲಾದ ಮೇಲೆ ಬಂದು ಬೆಳಗಾಗುವುದರೊಳಗೆ ಹೊರಡುತ್ತಿದ್ದ ಎಂದಳು ಅತ್ತೆ. ಮಂದೆ ಅರ್ಧ ಕರಗಿತ್ತು. ಸಾಕಲಾಗದೆ ಅತ್ತೆ ಹೋರಿಗಳನ್ನು ಕೊಟ್ಟುಬಿಟ್ಟಿದ್ದಳು. ಉಳಿದವುಗಳಲ್ಲಿ ನನಗೆ ಗುರುತು ಸಿಗದ ಎಳೆಯ ಆಕಳುಗಳೇ ಹೆಚ್ಚು.

ಸಂಜೆ ಬಿಳಿ ಕಾರು ಹಾರ್ನು ಹೊಡೆಯುತ್ತಾ ಗೇಟಿನೊಳಗೇ ನುಗ್ಗಿತು. ಗಂಜಿ ಹಾಕಿದ ಬಿಳಿ ಅಂಗಿ ತೊಟ್ಟು ಮಾವ ಇಳಿದ. ಹಿಂದೆ ಗನ್‌ಮ್ಯಾನ್, ಅವನ ಹಿಂದೆ ಇಬ್ಬರು ಅಧಿಕಾರಿಗಳು. ದನಗಳು ಬಾಲ ಎತ್ತಿಕೊಂಡು ಬೇಲಿಯ ಆ ತುದಿಗೆ ಓಡಿದವು. ಒಂದು ಮುದಿ ಆಕಳು ಮಾತ್ರ ನಿಂತಿತು. ಅಜ್ಜನ ಆಕಳಿನ ವಂಶದ್ದು ಅದು. ಮಾವ ಹತ್ತಿರ ಹೋಗಿ ಕೈ ಚಾಚಿದ. ಅದು ಮೂಸಿತು, ಮತ್ತೊಮ್ಮೆ ಮೂಸಿತು, ಸೀನಿದಂತೆ ಮಾಡಿ ಮುಖ ತಿರುಗಿಸಿತು.

ಮಾವನ ಮುಖ ನೋಡಲಾಗಲಿಲ್ಲ. ಅಲ್ಲೇ, ಎಲ್ಲರ ಮುಂದೆ, ಅಂಗಿಯ ಗುಂಡಿ ಬಿಚ್ಚತೊಡಗಿದ. ಅಂಗಿ ತೆಗೆದು ಗನ್‌ಮ್ಯಾನ್ ಕೈಗೆ ಕೊಟ್ಟ. ಬನಿಯನ್ನೂ ಕೊಟ್ಟ. ಕೋವಿ ಹಿಡಿಯುವುದೋ ಬನಿಯನ್ ಹಿಡಿಯುವುದೋ ತಿಳಿಯದೆ ಆ ಮನುಷ್ಯ ಎರಡನ್ನೂ ಎದೆಗೆ ಒತ್ತಿಕೊಂಡು ನಿಂತ. ಮಾವ ಸಗಣಿಯ ಗುಡ್ಡೆಯ ಹತ್ತಿರ ಬಗ್ಗಿ ಎರಡು ಕೈಯಲ್ಲೂ ತೆಗೆದು ತೋಳಿಗೆ, ಎದೆಗೆ ಬಳಿದುಕೊಂಡ. ಅಧಿಕಾರಿಗಳು ಬೇರೆ ಕಡೆ ನೋಡಿದರು. "ಬಾರವ್ವಾ" ಎಂದ ಮಾವ, ಬಹಳ ಮೆಲ್ಲಗೆ. ಮುದಿ ಆಕಳು ಬಂದು ಅವನ ಹೆಗಲು ನೆಕ್ಕಿತು.

"ನೀರು ತರಲಾ, ಎಮ್ಮೆಲ್ಲೇಗಾರೂ?" ಎಂದಳು ಅತ್ತೆ. ಅಷ್ಟು ಗೌರವದಿಂದ ಅವಳು ಅವನನ್ನು ಎಂದೂ ಕರೆದಿರಲಿಲ್ಲ.

ಅವತ್ತು ಊಟಕ್ಕೆ ಕೂತಾಗ ವಿಷಯ ಹೊರಬಂತು. ಪಕ್ಷ ಎರಡನೆಯ ಸಲವೂ ನಿಲ್ಲು ಅನ್ನುತ್ತಿತ್ತು. ಮಾವ ಬೇಡ ಎಂದಿರಲಿಲ್ಲ. ಆಸ್ಪತ್ರೆಗೆ ಇನ್ನೊಂದು ಕಟ್ಟಡ ಆಗಬೇಕು, ಅರ್ಧಕ್ಕೆ ನಿಂತ ಸೇತುವೆ ಮುಗಿಯಬೇಕು, ಮಂದಿ ಬಿಡುತ್ತಿಲ್ಲ ಎಂದ.

ಅತ್ತೆ ಸಾರು ಬಡಿಸುವುದನ್ನು ನಿಲ್ಲಿಸಿದಳು. "ಸರೆ. ನಿಲ್ಲು. ನಾನು ಮಂದೇನ ನಮ್ಮಣ್ಣಗ ಕೊಟ್ಟು ಕಳಿಸ್ತೀನಿ, ನೂಜಿವೀಡುಗೆ. ನನ್ನ ಮಣಕಾಲು ಆಗಲ್ಲ ಇಂಕ."

"ಹಂಗಂದ್ರ ಹೆಂಗ?"

"ಹಂಗೇ. ಮಂದಿ ಬೇಕಾ, ಮಂದೆ ಬೇಕಾ, ನೀನೇ ಚೆಪ್ಪು. ಎರಡಕ್ಕೂ ಒಬ್ಬನೇ ಮನಿಷಿ ಸಾಕಾಗಲ್ಲ. ನಾನು ನೋಡಿದೆ ಕದಾ ಇಷ್ಟು ದಿನ."

ಮಾವ ನನ್ನ ಕಡೆ ತಿರುಗಿದ. "ನೀ ಏನಂತಿ ಅವ್ವಾ?"

"ಬಾ ಮಾವ, ಮನಿಗಿ ಬಾ" ಅನ್ನಬೇಕೆಂದು ಜೀವವೆಲ್ಲ ಬಾಯಿಗೆ ಬಂತು. ಆದರೆ ಸೇತುವೆಯ ಆಚೆ ಹಳ್ಳಿಯವರ ಕಷ್ಟ ನಾನೂ ಕಂಡಿದ್ದೆ. "ನಿನಗ ನಿದ್ದಿ ಎಲ್ಲಿ ಬರ್ತೈತಿ, ಅಲ್ಲಿರು ಮಾವ" ಅಂದೆ.

ಅವನು ಉಣ್ಣುವುದನ್ನು ಮುಗಿಸಲಿಲ್ಲ. ಬೆಳಗಾಗುವುದರೊಳಗೆ ಹೊರಟುಬಿಟ್ಟ. ಮಳೆಗಾಲ ಕಳೆದ ಮೇಲೆ, ಹಾರ ಹಿಡಿದು ಬಂದವರ ಎದುರು, ಬೇರೆಯವರನ್ನು ನಿಲ್ಲಿಸಿ, ಅವರ ಜೊತೆ ಊರೂರು ನಾನೂ ತಿರುಗುತ್ತೇನೆ, ನಿಲ್ಲುವುದು ಮಾತ್ರ ಇಲ್ಲ ಎಂದುಬಿಟ್ಟ. ಕೆಲವರು ಅತ್ತರು. ಕೆಲವರು ಬೈದರು. "ಹೆಂಡತಿ ಮಾತು ಕೇಳಿದ" ಎಂದವರಿಗೆ ಮಾವ, "ಮೊದಲೇ ಕೇಳಬೇಕಿತ್ತು" ಎಂದನಂತೆ.

ಹೀಗೆ ಮಾವ ದೊಡ್ಡಿಗೆ ಮರಳಿದ. ಕಾರು ಹೋಯಿತು, ಗನ್‌ಮ್ಯಾನ್ ಹೋದ. ಮೊದಲ ಭಾನುವಾರ ಫೋನು ಮಾಡಿದಾಗ ಅವನೇ ಎತ್ತಿ, "ಏನವ್ವಾ, ಮೇದಿಯೇನು?" ಎಂದ. ಅಡುಗೆ ಮನೆಯಿಂದ ಬಂದ ಮಗಳು, "ಎಂದುಕು ಏಡುಸ್ತುನ್ನಾವಮ್ಮಾ?" ಎಂದು ಕೇಳಿದಳು, ಯಾಕೆ ಅಳುತ್ತಿದ್ದೀ ಎಂದು. ಈರುಳ್ಳಿ ಎಂದು ಹೇಳಿದೆ, ಕೈಯಲ್ಲಿ ಈರುಳ್ಳಿ ಇರಲಿಲ್ಲ.

ಆದರೆ ಕೆಲವು ವಾರ ಕಳೆದ ಮೇಲೆ ಮಾವನ ದನಿಯಲ್ಲಿ ಏನೋ ಇಳಿದಂತಿತ್ತು. ದನ ಹೆಂಗದಾವ ಎಂದರೆ, "ಅದಾವ" ಅನ್ನುತ್ತಿದ್ದ, ಅಷ್ಟೇ. ಮುದಿ ಆಕಳು ತೀರಿಕೊಂಡಿತು ಎಂದು ಅತ್ತೆ ಹೇಳಿದಳು. ನಾನು ರೈಲು ಹತ್ತಿದೆ.

ದೊಡ್ಡಿಗೆ ಹೋದಾಗ ಬಿಸಿಲು ಇಳಿಯುತ್ತಿತ್ತು. ಅತ್ತೆ ಬಾಗಿಲಲ್ಲೇ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು: "ಅವು ಇವನ ಮಾತು ಕೇಳಲ್ಲ."

ಮಾವ ಇಲ್ಲದ ವರ್ಷಗಳಲ್ಲಿ ಹುಟ್ಟಿದ ಕರುಗಳು ಅತ್ತೆಯ ದನಿಗೆ ಬೆಳೆದಿದ್ದವು. ಅವಳು ಸಿಟ್ಟಿಗೋ, ಒಂಟಿತನಕ್ಕೋ, ಇಲ್ಲ ಸುಮ್ಮನೆ ನಾಲಿಗೆಗೆ ಸುಲಭವೆಂದೋ, ಅಜ್ಜಿ ಸತ್ತ ಮೇಲೆ ಅಜ್ಜಿ ಕಲಿಸಿದ ಕನ್ನಡವನ್ನು ಬಿಟ್ಟು, ತನ್ನ ತವರಿನ ಮಾತಿನಲ್ಲೇ ಅವುಗಳನ್ನು ಕರೆದಿದ್ದಳು. ಹಳೆಯವು ಒಂದೊಂದಾಗಿ ಹೋದವು. ಮಾವ ಹಿಂತಿರುಗಿ ಬಂದ ಮೊದಲ ಸಂಜೆ ಏರಿಯ ಮೇಲೆ ನಿಂತು, "ಬಾರವ್ವಾ ಬಾ... ನಮ್ಮವ್ವಾ ಬಾ..." ಎಂದಾಗ ಆ ಮುದಿ ಆಕಳು ಮಾತ್ರ ಬಂದಿತ್ತಂತೆ. ಉಳಿದವು ತಲೆ ಸಹ ಎತ್ತದೆ ಮೇಯುತ್ತಿದ್ದವಂತೆ. ಈಗ ಆ ಒಂದೂ ಇಲ್ಲ.

ಮಾವ ಹುಲ್ಲುಗಾವಲಿನ ನಡುವೆ ಇದ್ದ. ನಾನು ಹೋಗಿ ಪಕ್ಕದಲ್ಲಿ ನಿಂತೆ.

"ಕರದ್ರ ಬರ್ತಾವೇನು ಮಾವ ಈಗ?"

"ಇಲ್ಲವ್ವಾ" ಎಂದ. "ಅವು ಬರಂಗಿಲ್ಲ. ನಾನ ಹೋಗ್ತೀನಿ."

ಒಂದು ಎಳೆಯ ಆಕಳಿನ ಹತ್ತಿರ ಹೋಗಿ ಅದರ ಕುತ್ತಿಗೆಯ ಕೆಳಗೆ ಜೋಲುವ ಗಂಗೆದೊಗಲು ತುರಿಸಿದ. ಅದು ಕತ್ತು ಚಾಚಿ ಕೊಟ್ಟಿತು, ಆದರೆ ಕಣ್ಣು ಅವನ ಮೇಲಿರಲಿಲ್ಲ. "ತೆಲುಗು ನನಗೂ ಬರ್ತೈತಿ" ಎಂದ ಮಾವ. "ಅಸೆಂಬ್ಲ್ಯಾಗ ಮಾತಾಡಿ ಬಂದೀನಿ. ಆದ್ರ ಇವುಕ್ಕ ತೆಲುಗಿನಾಗ ಕರ್ಯಾಕ ಬಾಯಿ ಬರವಲ್ದು. ಯಾರದೋ ಮನಿ ದನ ಕರದಂಗ ಆಗ್ತೈತಿ."

"ನಾ ಕರೀಲೇನು, ಕನ್ನಡದಾಗ?"

"ಕರಿ ನೋಡು."

ಕರೆದೆ. ನನ್ನ ದನಿ ಬಂದರಿನ ಕಚೇರಿಯಲ್ಲಿ ಕೂತು ಕೂತು ಸಣ್ಣಗಾಗಿತ್ತು. ಒಂದು ಕರು ಕಿವಿ ಆಡಿಸಿತು, ನೊಣಕ್ಕಿರಬೇಕು. ಮಾವ ನಕ್ಕ. ನಾನೂ ನಕ್ಕೆ. ಇಡೀ ಹುಲ್ಲುಗಾವಲಿನಲ್ಲಿ ಆ ಕರೆ ಅರ್ಥವಾದವರು ನಾವಿಬ್ಬರೇ ನಿಂತಿದ್ದೆವು.

ಅಷ್ಟರಲ್ಲಿ ಅತ್ತೆ ಬೇಲಿಯ ಹತ್ತಿರ ಬಂದು, ಮೊಣಕಾಲಿನ ಮೇಲೆ ಒಂದು ಕೈಯಿಟ್ಟು, "ರಾ ತಲ್ಲೀ... ರಾ ರಾ..." ಎಂದು ಕೂಗಿದಳು. ಮುಂದಿನ ಆಕಳು ತಿರುಗಿತು. ಎಮ್ಮೆಗಳು ಕಾಲುವೆಯಿಂದ ಎದ್ದು ಮೈ ಕೊಡವಿದವು. ನನ್ನ ಪಕ್ಕದಲ್ಲಿದ್ದ ಮಾವ ಪಂಚೆ ಎತ್ತಿ ಕಟ್ಟಿ, ಕರುಗಳ ಹಿಂದೆ ಸೇರಿಕೊಂಡು, ಅವುಗಳ ಜೊತೆಗೇ ಆ ದನಿಯ ಕಡೆಗೆ ನಡೆಯತೊಡಗಿದ.